ತಮ್ಮನ ಅಂಗಿಯ ಅಳತೆ

ಅಥವಾ ಅವ್ವ ನನ್ನ ಎದೆಗೆ ಹಿಡಿದ ಆ ಅಂಗಿ ನೀಲಿ ಇರಲೇ ಇಲ್ಲವೋ ಏನೋ, ನೀಲಿಯನ್ನು ಆಮೇಲೆ ನೆನಪಿನಲ್ಲಿ ನಾನೇ ಹಚ್ಚಿರಬಹುದು. ಇವತ್ತು ಬಟ್ಟೆ ಅಂಗಡಿಯಲ್ಲಿ ಹೊಸ ಅಂಗಿಯ ಗಂಜಿ ವಾಸನೆ ಮೂಗಿಗೆ ಬಡಿದಾಗ, ಉಣಕಲ್ಲಿನ ನಮ್ಮ ಮನೆಯ ಒಂದು ಶುಕ್ರವಾರದ ಮಧ್ಯಾಹ್ನ ಮತ್ತೆ ಎದುರಿಗೆ ಬಂತು.

ಶುಕ್ರವಾರ ನಮ್ಮಲ್ಲಿ ಉಪವಾಸ ಪ್ರಾರ್ಥನೆ. ಬೆಳಗಿನಿಂದ ದೊಡ್ಡವರು ಯಾರೂ ನೀರು ಕೂಡ ಕುಡಿದಿರಲಿಲ್ಲ. ಕರ್ತನು ಬೇಗ ಬರಲಿ, ಸತ್ತವರು ಏಳಲಿ ಎಂದು ನಮ್ಮ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿದರು. ಅವ್ವನ ತಂಗಿ, ನಮ್ಮ ಚಿಗವ್ವ, ಚಹಾ ಮತ್ತು ಮಂಡಕ್ಕಿ ಸೂಸ್ಲಾ ತಂದಿಟ್ಟಳು. ಅವ್ವ ಮಾತ್ರ ಒಳಗಿನಿಂದ ಸಣ್ಣದೊಂದು, ದೊಡ್ಡದೊಂದು, ಎರಡು ಹೊಸ ಅಂಗಿ ತಂದು ಅಯ್ಯನವರ ಮುಂದೆ ಹಿಡಿದಳು. ನನ್ನ ತಮ್ಮ ಮೂರು ವರ್ಷದವನಿದ್ದಾಗ ಜ್ವರದಿಂದ ತೀರಿಕೊಂಡಿದ್ದ. ಅದಾಗಿ ಎರಡು ವರ್ಷ ಕಳೆದಿದ್ದವು.

“ಅಯ್ಯನವರ, ಏಳೋಮುಂದ ನನ್ನ ಕೂಸು ಮೂರು ವರ್ಷದಾಂವ ಇರ್ತಾನೋ, ಐದು ವರ್ಷದಾಂವ ಆಗಿರ್ತಾನೋ? ಯಾವ ಅಂಗಿ ಇಡ್ಲಿರಿ?”

“ಅಕ್ಕಾ, ಹಸದ ಹೊಟ್ಟಿಲೆ ಏನೇನರ ಮಾತಾಡಬ್ಯಾಡ. ಒಂದನ್ನರ ಅಂಗಡ್ಯಾಂವಗ ವಾಪಸ್ ಕೊಡು,” ಎಂದಳು ಚಿಗವ್ವ.

“ಮತ್ತ ಕರ್ತನ ಮುಂದ ಬರಿಮೈಲೆ ನಿಲ್ಲಸ್ಲೇನ ಅವನ್ನ?”

ಅವ್ವ ನನ್ನನ್ನು ಎಳೆದುಕೊಂಡು ದೊಡ್ಡ ಅಂಗಿಯನ್ನು ನನ್ನ ಎದೆಗೆ ಹಿಡಿದಳು. ಕಾಲರಿನ ಗುಂಡುಸೂಜಿ ಗದ್ದಕ್ಕೆ ಚುಚ್ಚಿತು. ನಾನು ಅಲುಗಾಡಲಿಲ್ಲ.

“ಬದಕಿದ್ರ ಇಕಿ ಹೆಗಲಮಟ ಬರ್ತಿದ್ದ,” ಎಂದಳು.

ಅಯ್ಯನವರ ಚಹಾ ಆರಿಹೋಯಿತು. ಅವರು ಅವ್ವನಿಗೆ ಏನೋ ಹೇಳಿದರು, ಬಹಳ ಮೆಲ್ಲಗೆ. ಆ ಸಂಜೆ ಅವ್ವ ಉಪವಾಸ ಬಿಡಲಿಲ್ಲ. ಅವಳು ಯಾವ ಅಂಗಿಯನ್ನು ಇಟ್ಟುಕೊಂಡಳು ಎಂಬುದು ನನಗೆ ಗೊತ್ತಿಲ್ಲ.