ಗಾಜಿನ ಮೇಲೆ ಎರ್ವಾನನ ಹೆಸರು

"ಭಟ್ಟಿಗೆ ಇಡಬೇಡಿ! ಅಜ್ಜ, ಆ ಗಾಜನ್ನ ಭಟ್ಟಿಗೆ ಇಡಬೇಡಿ!" ಎಂದು ಕೂಗುತ್ತಲೇ ಮಾರಿವೋನ್ ಒಳಗೆ ನುಗ್ಗಿದಳು. ಓಡಿ ಬರುವಾಗ ಒಂದು ಕಾಲಿನ ಮರದ ಜೋಡು ದಾರಿಯಲ್ಲೇ ಕಳಚಿಬಿದ್ದಿತ್ತು. ಗಾಜಿನ ಮೇಲೆ ಬರೆಯುವ ಕಸುಬಿನ ಮುದುಕ ಕೊರಾಂತೆನ್ ನೀಲಿ ಗಾಜಿನ ಪಟ್ಟಿ ಹಿಡಿದು ಭಟ್ಟಿಯ ಬಾಯಿಯ ಬಳಿ ನಿಂತಿದ್ದ. ಐಸ್‌ಲ್ಯಾಂಡಿನ ಕಡಲಿಗೆ ಮೀನು ಹಿಡಿಯಲು ಹೋಗಿ ಮರಳದವರ ಹೆಸರನ್ನು ಊರಿನ ಪುಟ್ಟ ಇಗರ್ಜಿಯ ಬಣ್ಣದ ಕಿಟಕಿಗಳಿಗೆ ಸೇರಿಸುವುದು ಅವನ ಅಜ್ಜನ ಕಾಲದಿಂದ ನಡೆದುಬಂದಿತ್ತು. ಮಾರಿವೋನಳ ಮಾವನ ಹೆಸರು ಆಗಲೇ ಅಲ್ಲಿತ್ತು. ಈ ಪಟ್ಟಿಯಲ್ಲಿದ್ದ ಮೂರು ಹೆಸರುಗಳಲ್ಲಿ ಒಂದು ಅವಳ ಗಂಡ ಎರ್ವಾನನದು.

"ಬದುಕಿದಾನೆ ಅಜ್ಜ! ಕಾಲು ಮುರ್ಕೊಂಡು ಚಳಿಗಾಲ ಪೂರ್ತಿ ಅಲ್ಲಿನ ಕುರಿಗಾರರ ಮನೇಲಿ ಬಿದ್ದಿದ್ನಂತೆ. ಪಾದ್ರಿಗಳು ಈಗಷ್ಟೇ ಅವನ ಕಾಗದ ಓದಿ ಹೇಳಿದ್ರು."

"ಉಳಿದಿಬ್ಬರು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಬರೆದದ್ದು ಹೋಗುತ್ತಾ? ಗಾಜು ಒಡೀಬೇಕಾ?"

"ಬೆಂಕಿ ಕಾಣೋವರೆಗೂ ಇದು ಬರೀ ಮಸಿ ಕಣೇ. ಬೆರಳು ಒದ್ದೆ ಮಾಡ್ಕೊ, ನೀನೇ ಒರೆಸು."

ಮಾರಿವೋನಳಿಗೆ ಓದು ಬರುತ್ತಿರಲಿಲ್ಲ. ಮುದುಕ ನಡುವಿನ ಸಾಲನ್ನು ತೋರಿಸಿದ. ಮೇಲಿನ, ಕೆಳಗಿನ ಹೆಸರುಗಳಿಗೆ ತಾಗದಂತೆ ಅವಳು ಕಿರುಬೆರಳನ್ನು ಎಂಜಲಿನಿಂದ ಒದ್ದೆ ಮಾಡಿ, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರವನ್ನು ಒರೆಸಿದಳು. ಕೊನೆಗೆ ಅಲ್ಲಿ ನೀಲಿಯಷ್ಟೇ ಉಳಿಯಿತು.

"ಒಂದು ಕಾಗದ ಬರೆಯೋಕೆ ಆರು ತಿಂಗಳು ಬೇಕಾಯ್ತಾ ಆ ಕತ್ತೆಗೆ? ಬರಲಿ, ಮಾಡ್ತೀನಿ!" ಎಂದು ಬೈಯುತ್ತ, ಮಾರಿವೋನ್ ನೆಲದ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.