ಖಾಲಿ ಬಿಟ್ಟ ಕಡೆ

ಎದುರಾಳಿ ತಂಡದ ನಾಯಕ ತನ್ನನ್ನೂ ಸೇರಿಸಿ ಒಂಬತ್ತೂ ಫೀಲ್ಡರ್‌ಗಳನ್ನು ಲೆಗ್ ಸೈಡಿನಲ್ಲೇ ನಿಲ್ಲಿಸಿದ.

"ಕ್ಯಾಪ್ಟನ್, ಆಫ್ ಸೈಡ್ ಪೂರ್ತಿ ಖಾಲಿ ಬಿಟ್ರೆ ಹೆಂಗೆ?" ಬೌಲರ್ ಗಾಬರಿಯಾದ.

"ಇರ್ಲಿ ಬಿಡೋ. ನೀನು ಆ ಕಡೆಗೇ ಹಾಕು."

ಬ್ಯಾಟ್ ಹಿಡಿದು ನಿಂತವನಿಗೂ ಅದು ಕೇಳಿಸಿತು. ಈ ನಾಯಕನನ್ನು ಅವನು ನೋಡಿದ್ದು ಇವತ್ತೇ ಮೊದಲು. ಮೂರು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅವನು ಆಫ್ ಸೈಡಿಗೆ ಬಾರಿಸಿದ ಚೆಂಡು ಒಬ್ಬ ಫೀಲ್ಡರ್‌ನ ಕಣತಲೆಗೆ ಬಡಿದಿತ್ತು. ಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಎಂಥ ಚೆಂಡು ಬಂದರೂ ಇವನು ಲೆಗ್ ಸೈಡಿಗೇ ಎಳೆದು ಹೊಡೆಯುತ್ತಿದ್ದ.

ಕೊನೆಯ ಚೆಂಡು. ಗೆಲ್ಲಲು ಎರಡು ರನ್ ಬೇಕು.

"ಅಲ್ಲಿ ಒಂದು ನರಪಿಳ್ಳೇನೂ ಇಲ್ಲ ಕಣೋ, ಸುಮ್ನೆ ತಳ್ಳು!" ಜೊತೆಗಾರ ಆ ತುದಿಯಿಂದ ಕೂಗಿದ.

ಚೆಂಡು ಆಫ್ ಸೈಡಿಗೇ ಬಂತು. ಅವನ ಕಣ್ಣು ಆ ಬರಿಯ ಹುಲ್ಲಿನ ಮೇಲೆ ಹರಿಯಿತು. ಕೈ ತಾನಾಗಿ ಚೆಂಡನ್ನು ಲೆಗ್ ಸೈಡಿಗೆ ಎಳೆಯಿತು. ಕ್ಯಾಚ್.

ಕೈ ಕುಲುಕುವಾಗ ಅವನು ತಡೆಯಲಾರದೆ ಕೇಳಿದ: "ಅಷ್ಟು ಜಾಗ ಖಾಲಿ ಬಿಡೋಕೆ ಭಯ ಆಗ್ಲಿಲ್ವಾ ನಿಮ್ಗೆ?"

ನಾಯಕ ಹಿಡಿದ ಕೈ ಬಿಡಲಿಲ್ಲ.

"ಆ ಕಡೆ ನೋಡ್ಕೊಳ್ಳೋಕೆ ನನ್ನ ತಮ್ಮ ಒಬ್ಬನೇ ಸಾಕು ಅಂತ ಗೊತ್ತಿತ್ತು."