ಬ್ಲೇಡಿನ ಗಾಯ

ಪ್ರತಿ ಸೋಮವಾರ ಬೆಳಿಗ್ಗೆ ನಗರದ ಬಾಗಿಲು ದಾಟುವ ಪ್ರತಿಯೊಬ್ಬರ ಮೈಯನ್ನೂ ಯಂತ್ರ ನೋಡುತ್ತದೆ. ಅಂಟುರೋಗದ ಹುಣ್ಣು ಕಂಡರೆ ಕಾವಲಿನವರು ಲಾಠಿಯಿಂದ ಬಡಿದು ಗೋಡೆಯಾಚೆ ಎಸೆಯುತ್ತಾರೆ. ಎಲ್ಲರಿಗೂ ಅದು ರೂಢಿಯಾಗಿದೆ.

ಇಂದು ಮೊದಲ ಸಲ ಆ ಬಾಗಿಲು ದಾಟಬೇಕಿದ್ದ ವಿರೂಪಣ್ಣ ಬಚ್ಚಲಿನಲ್ಲಿ ತನ್ನ ಶಿಶ್ನದ ತುದಿಯ ಸುತ್ತಲಿದ್ದ ಸಣ್ಣ ಗುಳ್ಳೆಗಳಿಗೆ ಬ್ಲೇಡ್ ಹಿಡಿದಿದ್ದ. ಹೆಂಡತಿ ಗೌರವ್ವ ಕದ ಒದ್ದು ಒಳಬಂದು, ಅವನ ಮುಂಗೈ ತಿರುಚಿ ಗೋಡೆಗೆ ಅಪ್ಪಳಿಸಿದಳು.

“ಹುಚ್ಚು ಹಿಡದೈತೇನ್ರಿ? ಲಗ್ನಾದಾಗಿಂದ ನೋಡೀನಿ, ಅವು ಹಂಗ ಅದಾವ. ನೋವಿಲ್ಲ, ಕೀವಿಲ್ಲ, ನನಗೂ ಅಂಟಿಲ್ಲ. ಅನುಮಾನ ಇದ್ರ ಡಾಕ್ಟರಿಗೆ ತೋರಸ್ರಿ. ಕಟುಕರಂಗ ಕೊಯ್ಕೋತಾರೇನು?”

“ಯಂತ್ರ ಬಿಡತೈತೇನ? ಹೋದ ಸೋಮವಾರ ನಮ್ಮ ಓಣಿ ಬಸಲಿಂಗನ ಹಲ್ಲು ಉದುರಿಸಿದ್ರು.”

“ಅವನೂ ನಿಮ್ಮಂಗ ಕೊಯ್ಕೊಂಡಿದ್ದ. ಯಂತ್ರ ಹಿಡದಿದ್ದು ಆ ಗಾಯಾನ. ಅವನ ಹೆಂಡ್ತಿನ ಹೇಳಿದ್ಲು. ನಡೀರಿ!”

ಬಾಗಿಲಲ್ಲಿ ಯಂತ್ರ ಆ ಗುಳ್ಳೆಗಳನ್ನು ನೋಡಿಯೂ ಹಸಿರು ದೀಪ ಹತ್ತಿಸಿತು. ಸಾಲಿನಲ್ಲಿ ಅವನ ಹಿಂದಿದ್ದವನ ಲುಂಗಿಯ ಮುಂಭಾಗದಲ್ಲಿ ರಕ್ತದ ಕಲೆಯಿತ್ತು. ದೀಪ ಕೆಂಪಾಯಿತು, ಲಾಠಿ ಅವನ ದವಡೆ ಮುರಿಯಿತು.

ಡಾಕ್ಟರಿಗೆ ತೋರಿಸಲೂ ನಾಚಿದ್ದ ವಿರೂಪಣ್ಣ ಸಾಲಿನತ್ತ ತಿರುಗಿ ಕೂಗಿದ: “ನನಗೂ ಅದಾವ್ರೋ ಗುಳ್ಳಿ! ಯಂತ್ರ ಬಿಟ್ಟೈತಿ! ಬ್ಲೇಡ್ ಬಿಸಾಕ್ರಿ!”

ಮುಂದಿನ ಏಟು ಅವನ ಬೆನ್ನಿಗೇ ಬಿತ್ತು. ಅವನು ಇನ್ನೂ ಜೋರಾಗಿ ಕೂಗಿದ.